ಮಾತ್ರೆಯ ರೂಪದಲ್ಲಿ ಕೀಮೋ: ಮನೆಗೂ ಬೇಕು ದಾದಿಯ ಕಣ್ಣು

“ಇದಾ ಕೀಮೋ?”

ಆಸ್ಪತ್ರೆಯ ಔಷಧಿ ಕೌಂಟರಿನ ಮುಂದೆ ನಿಂತು ಉಮ್ಮ ಕೇಳಿದ ಪ್ರಶ್ನೆ ಇದು. ಅವರ ಕೈಯಲ್ಲಿ ಒಂದು ಕಾಗದದ ಕವರು, ಅದರೊಳಗೆ 84 ಮಾತ್ರೆಗಳು. ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ಒಂದೂವರೆ ತಿಂಗಳು ಕಳೆದಿತ್ತು. ಇನ್ನು ಕೀಮೋ ಕೊಡಬೇಕು ಎಂದು ವೈದ್ಯರು ಹೇಳಿದ ದಿನದಿಂದ ಉಮ್ಮ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಕೀಮೋ ಎಂದರೆ ಅವರ ಕಣ್ಣ ಮುಂದೆ ಬರುತ್ತಿದ್ದುದು ನೆರೆಮನೆಯ ಹೆಂಗಸಿನ ಬೋಳಾದ ತಲೆ, ಕೈಗೆ ಚುಚ್ಚಿದ ಸೂಜಿ, ತೊಟ್ಟು ತೊಟ್ಟಾಗಿ ಇಳಿಯುವ ಬಾಟಲಿ. ಈಗ ನೋಡಿದರೆ ಜ್ವರಕ್ಕೆ ಕೊಡುವಂತೆ ಒಂದಷ್ಟು ಮಾತ್ರೆ! ಉಮ್ಮನ ಮುಖದಲ್ಲಿ ತಿಂಗಳುಗಳ ನಂತರ ನಗು ಕಂಡಿತು.

ಕೌಂಟರಿನ ಹುಡುಗ “ಬೆಳಿಗ್ಗೆ ಮೂರು, ರಾತ್ರಿ ಮೂರು, ಹದಿನಾಲ್ಕು ದಿನ” ಎಂದು ಹೇಳಿ ಮುಂದಿನವರ ಚೀಟಿಗೆ ಕೈ ಚಾಚಿದ. ಎರಡು ನಿಮಿಷದಲ್ಲಿ ಎಲ್ಲ ಮುಗಿದಿತ್ತು. ಬಸ್ಸು ಹಿಡಿಯುವ ಅವಸರದಲ್ಲಿ ನಾವು ಹೊರಟೂ ಆಗಿತ್ತು. “ಮಾತ್ರೆ ಸಿಕ್ಕಿತಾ? ಹಾಗೆ ಹೋಗಬೇಡಿ, ನನ್ನ ಹತ್ತಿರ ಸ್ವಲ್ಪ ಕುಳಿತು ಹೋಗಿ” ಎಂದು ಡೇ ಕೇರ್ ವಿಭಾಗದ ಸಿಸ್ಟರ್ ಒಬ್ಬರು ನಮ್ಮನ್ನು ಹಿಂದಕ್ಕೆ ಕರೆದರು. ಆ ‘ಸ್ವಲ್ಪ’ ಸುಮಾರು ಒಂದು ಗಂಟೆಯಾಯಿತು. ಆ ಒಂದು ಗಂಟೆ ಮತ್ತು ನಂತರದ ಆರು ತಿಂಗಳು ಅವರು ಮಾಡಿದ ಫೋನುಗಳು ಇಲ್ಲದಿದ್ದರೆ ನಮ್ಮ ಉಮ್ಮ ಏನಾಗುತ್ತಿದ್ದರೋ ಎಂದು ಈಗಲೂ ಯೋಚಿಸುತ್ತೇನೆ.

ಮಾತ್ರೆ ಎಂದರೆ ಹಗುರ ಎಂದಲ್ಲ

ಉಮ್ಮನಿಗೆ ಕೊಟ್ಟದ್ದು ಕೆಪೆಸಿಟಾಬಿನ್. ದೊಡ್ಡ ಕರುಳು, ಸ್ತನ, ಜಠರದ ಕ್ಯಾನ್ಸರುಗಳಿಗೆ ಬಳಸುವ ಈ ಮಾತ್ರೆ ಅಮೆರಿಕದಲ್ಲಿ ಮೊದಲು ಮಂಜೂರಾದದ್ದು 1998ರಲ್ಲಿ. ಹೊಟ್ಟೆಗೆ ಹೋದ ಮೇಲೆ ಅದು ದೇಹದೊಳಗೆ ಬದಲಾಗಿ, ಹಿಂದಿನಿಂದಲೂ ಡ್ರಿಪ್ಪಿನಲ್ಲಿ ಕೊಡುತ್ತಿದ್ದ ಫ್ಲೋರೋಯುರಾಸಿಲ್ ಎಂಬ ಅದೇ ಕೀಮೋ ಔಷಧಿಯಾಗುತ್ತದೆ. ಎಂದರೆ ಬದಲಾದದ್ದು ದಾರಿ ಮಾತ್ರ. ಔಷಧಿಯ ಶಕ್ತಿ ಹಾಗೆಯೇ ಇದೆ, ಅಪಾಯವೂ ಹಾಗೆಯೇ ಇದೆ.

ಇಂತಹ ಮಾತ್ರೆಗಳು ಈಗ ಹಲವಾರಿವೆ. ಮೆದುಳಿನ ಗಡ್ಡೆಗೆ ಟೆಮೊಜೊಲೊಮೈಡ್ ಇದೆ. ಒಂದು ಬಗೆಯ ರಕ್ತದ ಕ್ಯಾನ್ಸರಿಗೆ 2001ರಲ್ಲಿ ಬಂದ ಇಮಾಟಿನಿಬ್ ಇದೆ. ಕಟ್ಟುನಿಟ್ಟಾಗಿ ಹೇಳಿದರೆ ಅದು ಕೀಮೋ ಅಲ್ಲ, ಆದರೆ ಮನೆಯಲ್ಲಿ ಪ್ರತಿದಿನ ನುಂಗಬೇಕಾದ ಕ್ಯಾನ್ಸರ್ ಔಷಧಿಯೇ. ಬೀಡಿ, ತಂಬಾಕು, ಎಲೆಯಡಿಕೆಯ ನಮ್ಮ ನಾಡಿನಲ್ಲಿ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಎಷ್ಟು ಸಾಮಾನ್ಯ ಎಂದು ಹೇಳಬೇಕಾಗಿಲ್ಲ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು 2020ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಗುಣವಾಗುವ ಹಂತ ದಾಟಿದ ಇಂತಹ ರೋಗಿಗಳಿಗೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ, ಜೊತೆಗೆ ದಿನಕ್ಕೆರಡು ಬಾರಿ ಸೆಲೆಕಾಕ್ಸಿಬ್ ಕೊಟ್ಟರು. ಈ ಅಗ್ಗದ ಮಾತ್ರೆಗಳನ್ನು ತೆಗೆದುಕೊಂಡವರು, ಸಿಸ್‌ಪ್ಲಾಟಿನ್ ಡ್ರಿಪ್ ಪಡೆದವರಿಗಿಂತ ತುಸು ಹೆಚ್ಚೇ ಕಾಲ ಬದುಕಿದರು. ಬಡವರಿಗೆ ಇದು ದೊಡ್ಡ ಸುದ್ದಿ. ಆದರೆ ಗಮನಿಸಿ, ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ಯಾರಾದರೂ ತಪ್ಪಿ ಅದನ್ನು ದಿನಾ ನುಂಗಿದರೆ ಪ್ರಾಣಕ್ಕೇ ಸಂಚಕಾರ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವಾಗ ಹೆಸರು, ಡೋಸ್, ರಕ್ತಪರೀಕ್ಷೆಯ ವರದಿ ಎಲ್ಲವನ್ನೂ ದಾದಿಯರು ಒಂದಕ್ಕೆರಡು ಬಾರಿ ನೋಡುತ್ತಾರೆ. ಮಾತ್ರೆಯಾದರೆ ಆ ಕೆಲಸವೆಲ್ಲ ಮನೆಯವರ ತಲೆಗೆ ಬೀಳುತ್ತದೆ. ಬ್ರಿಟನ್ನಿನಂತಹ ದೇಶದಲ್ಲೂ 2003ರ ನವೆಂಬರಿನಿಂದ 2007ರ ಜುಲೈವರೆಗೆ ಕ್ಯಾನ್ಸರ್ ಮಾತ್ರೆಗಳ ವಿಚಾರದಲ್ಲಿ ಮೂರು ಸಾವುಗಳು ಮತ್ತು ನಾಲ್ಕು ನೂರು ಇತರ ಘಟನೆಗಳು ರೋಗಿಗಳ ಸುರಕ್ಷತೆಯ ಸರ್ಕಾರಿ ಸಂಸ್ಥೆಗೆ ವರದಿಯಾದವು. ಅವುಗಳಲ್ಲಿ ಸುಮಾರು ಅರ್ಧದಷ್ಟು ಡೋಸ್, ದಿನ ಅಥವಾ ಎಣಿಕೆಯ ತಪ್ಪುಗಳು. 2008ರ ಜನವರಿಯಲ್ಲಿ ಆ ಸಂಸ್ಥೆ ದೇಶದ ಎಲ್ಲ ಆಸ್ಪತ್ರೆಗಳಿಗೂ ಎಚ್ಚರಿಕೆ ಕಳುಹಿಸಬೇಕಾಯಿತು.

ಆ ಒಂದು ಗಂಟೆ

ಸಿಸ್ಟರ್ ಮೊದಲು ಮಾತ್ರೆಯ ಬಗ್ಗೆ ಮಾತೇ ಎತ್ತಲಿಲ್ಲ. “ಮನೆಯಲ್ಲಿ ಯಾರ್ಯಾರು ಇದ್ದೀರಿ? ಉಮ್ಮನಿಗೆ ಮಾತ್ರೆ ತೆಗೆದುಕೊಡುವವರು ಯಾರು?” ಎಂದು ವಿಚಾರಿಸಿದರು. ಬಿಪಿಯ ಮಾತ್ರೆ ಕೊಡುವುದು ನನ್ನ ತಮ್ಮನ ಹೆಂಡತಿ ಎಂದೆ. ಅವಳಿಗೆ ಆಗ ಐದು ತಿಂಗಳು. ಸಿಸ್ಟರ್ ಬರೆಯುವುದನ್ನು ನಿಲ್ಲಿಸಿದರು. “ಆ ಹುಡುಗಿ ಈ ಮಾತ್ರೆಯನ್ನು ಮುಟ್ಟಲೇಬಾರದು. ಗರ್ಭದ ಮಗುವಿಗೆ ಹಾನಿಯಾಗಬಹುದು.”

ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ. ಕೌಂಟರಿನಿಂದ ನೇರ ಮನೆಗೆ ಹೋಗಿದ್ದರೆ ಅಂದು ರಾತ್ರಿಯೇ ಅವಳು ಬರಿಗೈಯಲ್ಲಿ ಮಾತ್ರೆ ಬಿಡಿಸಿ ಅತ್ತೆಯ ಅಂಗೈಗೆ ಹಾಕುತ್ತಿದ್ದಳು.

ನಂತರ ಒಂದೊಂದಾಗಿ ಹೇಳಿದರು. ಮಾತ್ರೆಯನ್ನು ಉಮ್ಮ ತಾವೇ ಬಿಡಿಸಿಕೊಳ್ಳಬೇಕು, ಆಮೇಲೆ ಕೈ ತೊಳೆಯಬೇಕು. ಬೇರೆಯವರು ಕೊಡುವುದಾದರೆ ಕೈಗವಸು ಹಾಕಬೇಕು. ನುಂಗಲು ಕಷ್ಟವೆಂದು ಪುಡಿ ಮಾಡಬಾರದು, ತುಂಡು ಮಾಡಬಾರದು. ಬಿಪಿ ಮಾತ್ರೆಗಳ ಡಬ್ಬಿಗೆ ಇದನ್ನು ಸೇರಿಸಬಾರದು, ಮಕ್ಕಳಿಗೆ ಎಟುಕದ ಕಡೆ ಬೇರೆಯಾಗಿ ಇಡಬೇಕು. ಶೌಚಾಲಯಕ್ಕೆ ಹೋದರೆ ಮುಚ್ಚಳ ಹಾಕಿ ಎರಡು ಬಾರಿ ನೀರು ಬಿಡಬೇಕು, ವಾಂತಿಯಾದ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಊಟವಾಗಿ ಅರ್ಧ ಗಂಟೆಯೊಳಗೆ ನೀರಿನ ಜೊತೆ ನುಂಗಬೇಕು, ಎರಡು ಹೊತ್ತಿನ ನಡುವೆ ಸುಮಾರು ಹನ್ನೆರಡು ಗಂಟೆ ಇರಬೇಕು. ಹದಿನಾಲ್ಕು ದಿನ ಮಾತ್ರೆ, ಏಳು ದಿನ ಬಿಡುವು. ಅಲ್ಲಿಗೆ ಒಂದು ಸುತ್ತು. ಇಂತಹ ಎಂಟು ಸುತ್ತು.

ಬೇರೆ ಯಾವ ಔಷಧಿ ಇದೆ ಎಂದು ಮೂರು ಸಲ ಕೇಳಿದರು. ರಕ್ತ ತೆಳುವಾಗಿಸುವ ವಾರ್ಫರಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಇವುಗಳ ಜೊತೆ ಕೆಪೆಸಿಟಾಬಿನ್ ಸೇರಿದರೆ ತೊಂದರೆ. ಶಕ್ತಿಗೆಂದು ಕೊಡುವ ಫೋಲಿಕ್ ಆಸಿಡ್ ಕೂಡ ಇದರ ಅಡ್ಡ ಪರಿಣಾಮವನ್ನು ಹೆಚ್ಚಿಸಬಹುದಂತೆ. ಮೂರನೆಯ ಸಲ ಕೇಳಿದಾಗ ಉಮ್ಮ ಮೆಲ್ಲನೆ, ಯಾರೋ ತಂದುಕೊಟ್ಟ ಕಷಾಯದ ಪುಡಿ ಇದೆ ಎಂದು ಒಪ್ಪಿಕೊಂಡರು. ಸಿಸ್ಟರ್ ಗದರಲಿಲ್ಲ. “ಅದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ ಉಮ್ಮ. ಅದರಲ್ಲಿ ಏನಿದೆ ಅಂತ ನಮಗೆ ಗೊತ್ತಿಲ್ಲ, ಅಷ್ಟೇ. ಕೀಮೋ ಮುಗಿಯುವವರೆಗೆ ಅದು ಕಪಾಟಿನಲ್ಲೇ ಇರಲಿ.”

ಎಲ್ಲ ಹೇಳಿದ ಮೇಲೆ “ಅರ್ಥವಾಯಿತಾ?” ಎಂದು ಕೇಳಲಿಲ್ಲ. ಕೇಳಿದ್ದರೆ ಉಮ್ಮ ಖಂಡಿತ ತಲೆಯಾಡಿಸುತ್ತಿದ್ದರು. ಅದರ ಬದಲು, “ಈಗ ನಾನು ನಿಮ್ಮ ಮಗಳು ಅಂತ ತಿಳಿದುಕೊಳ್ಳಿ. ಮನೆಗೆ ಹೋಗಿ ಏನು ಮಾಡುತ್ತೀರಿ ಅಂತ ನನಗೆ ಹೇಳಿ” ಎಂದರು. ಉಮ್ಮ ಹೇಳುತ್ತಾ ಹೋದರು. ಏಳು ದಿನದ ಬಿಡುವನ್ನೇ ಮರೆತಿದ್ದರು. ಸಿಸ್ಟರ್ ಒಂದು ಕ್ಯಾಲೆಂಡರ್ ತೆಗೆದು ಹದಿನಾಲ್ಕು ದಿನಕ್ಕೆ ಹಸಿರು, ಏಳು ದಿನಕ್ಕೆ ಕೆಂಪು ಗುರುತು ಹಾಕಿಕೊಟ್ಟರು. ಓದಲು ಬಾರದ ಉಮ್ಮನಿಗೆ ಬಣ್ಣ ಸಾಕಾಯಿತು. ಕ್ಯಾಲೆಂಡರಿನ ಹಿಂದೆ ಒಂದು ಫೋನ್ ನಂಬರು ಬರೆದರು.

“ಎಷ್ಟು ಸಲ ಹೋದಿರಿ ಉಮ್ಮ?”

ಮೊದಲ ಸುತ್ತು ಸುಲಭವಾಗಿ ಕಳೆಯಿತು. ಎರಡನೆಯದರಲ್ಲಿ ಒಂಬತ್ತನೇ ದಿನ ಸಂಜೆ ಭೇದಿ ಆರಂಭವಾಯಿತು. ಉಮ್ಮ ಯಾರಿಗೂ ಹೇಳಲಿಲ್ಲ. ಹೇಳಿದರೆ ಮಾತ್ರೆ ನಿಲ್ಲಿಸಿಬಿಡುತ್ತಾರೆ, ನಿಲ್ಲಿಸಿದರೆ ಕ್ಯಾನ್ಸರ್ ಮರಳಿ ಬರುತ್ತದೆ ಎಂಬ ಹೆದರಿಕೆ ಒಂದು ಕಡೆ. ಗರ್ಭಿಣಿ ಸೊಸೆಗೆ, ಮಕ್ಕಳಿಗೆ ಇನ್ನೂ ಯಾಕೆ ತೊಂದರೆ ಎಂಬ ಸಂಕೋಚ ಇನ್ನೊಂದು ಕಡೆ. ರಾತ್ರಿಯೆಲ್ಲ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿಬಂದಿದ್ದಾರೆ. ಬೆಳಿಗ್ಗೆ ಎರಡು ಚಮಚ ಗಂಜಿ ಕುಡಿದು ಮೂರು ಮಾತ್ರೆಯನ್ನೂ ನುಂಗಿದ್ದಾರೆ. ಭೇದಿ ಹೆಚ್ಚಿದಷ್ಟೂ ಔಷಧಿಯನ್ನು ನಿಷ್ಠೆಯಿಂದ ತೆಗೆದುಕೊಂಡಿದ್ದಾರೆ! ನಮ್ಮ ತಾಯಂದಿರ ಸಹನೆಯನ್ನು ಹೊಗಳುವವರು ಈ ಒಂದು ರಾತ್ರಿಯನ್ನು ನೋಡಬೇಕಿತ್ತು.

ಹತ್ತನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಿಸ್ಟರ್ ಫೋನ್ ಬಂತು. ಹೇಗಿದ್ದೀರಿ ಎಂದು ನನ್ನನ್ನು ಕೇಳಿದಾಗ “ಪರವಾಗಿಲ್ಲ” ಎಂದೆ. ನನಗೆ ಗೊತ್ತಿದ್ದುದೇ ಅಷ್ಟು. “ಉಮ್ಮನಿಗೇ ಕೊಡಿ” ಎಂದರು. ಅವರನ್ನು ಹೇಗಿದ್ದೀರಿ ಎಂದು ಕೇಳಲೇ ಇಲ್ಲ. “ನಿನ್ನೆ ಸಂಜೆಯಿಂದ ಎಷ್ಟು ಸಲ ಹೋದಿರಿ ಉಮ್ಮ? ರಾತ್ರಿ ಎದ್ದು ಹೋದಿರಾ? ಬಾಯಲ್ಲಿ ಹುಣ್ಣು ಇದೆಯಾ? ಮೂತ್ರದ ಬಣ್ಣ ಹೇಗಿದೆ?” ಉಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದು, ನನಗೆ ಬೆನ್ನು ತಿರುಗಿಸಿ, ಬಹಳ ಸಣ್ಣ ದನಿಯಲ್ಲಿ ಹೇಳಿದರು: “ಎಂಟು... ಒಂಬತ್ತು ಇರಬಹುದು.”

ಆ ಮೇಲಿನದೆಲ್ಲ ಬೇಗ ಬೇಗ ನಡೆಯಿತು. ಮಾತ್ರೆ ಕೂಡಲೇ ನಿಲ್ಲಿಸಿ, ದಾರಿಯುದ್ದಕ್ಕೂ ಓಆರ್‌ಎಸ್ ನೀರು ಕುಡಿಸುತ್ತಾ ಇವತ್ತೇ ಕರೆತನ್ನಿ, ನಾಳೆಗೆ ಕಾಯಬೇಡಿ ಎಂದರು ಸಿಸ್ಟರ್. ಎರಡು ದಿನ ಡ್ರಿಪ್ ಬೇಕಾಯಿತು. ದಿನಕ್ಕೆ ಮಾಮೂಲಿಗಿಂತ ನಾಲ್ಕು ಸಲ ಅಥವಾ ಅದಕ್ಕೂ ಹೆಚ್ಚು ಹೋದರೆ, ಅಥವಾ ರಾತ್ರಿ ಎದ್ದು ಹೋಗಬೇಕಾದರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ತಿಳಿಸಬೇಕು. ಇದನ್ನು ಮೊದಲ ದಿನವೇ ಹೇಳಿದ್ದರು. ನಾವು ಕೇಳಿಸಿಕೊಂಡಿದ್ದೆವು, ಅಷ್ಟೇ. ಕೆಲವರ ದೇಹದಲ್ಲಿ ಈ ಔಷಧಿಯನ್ನು ಒಡೆಯುವ ಕಿಣ್ವವೇ ಹುಟ್ಟಿನಿಂದ ಕಡಿಮೆ ಇರುತ್ತದೆ, ಅಂಥವರಲ್ಲಿ ಇದು ಮೊದಲ ಸುತ್ತಿನಲ್ಲೇ ಜೀವಕ್ಕೆ ಎರವಾಗಬಹುದು ಎಂದು ವೈದ್ಯರು ಆಮೇಲೆ ವಿವರಿಸಿದರು.

ಉಮ್ಮನ ಹೆದರಿಕೆಗೆ ಉತ್ತರ ಕೊಟ್ಟದ್ದೂ ಸಿಸ್ಟರೇ. ವಾರ್ಡಿಗೆ ಬಂದು ಹಾಸಿಗೆಯ ತುದಿಯಲ್ಲಿ ಕುಳಿತು, “ನಾಲ್ಕು ದಿನ ನಿಲ್ಲಿಸಿದರೆ ಕ್ಯಾನ್ಸರ್ ಗೆಲ್ಲುವುದಿಲ್ಲ ಉಮ್ಮ. ನೀವು ಸುಸ್ತಾಗಿ ಬಿದ್ದರೆ ಗೆಲ್ಲುತ್ತದೆ” ಎಂದರು.

ಮೂರನೇ ಸುತ್ತಿನಿಂದ ಡೋಸ್ ಇಳಿಸಿದರು. ಮೊದಲು ಹೊತ್ತಿಗೆ 500 ಮಿಲಿಗ್ರಾಮಿನ ಮೂರು ಮಾತ್ರೆ. ಈಗ 500ರ ಎರಡು, 150ರ ಒಂದು. ನೋಡಿ, ಎಣಿಕೆ ಮತ್ತೆ ಮೂರೇ! ಮನೆಯಲ್ಲಿ ಹಳೆಯ ಸುತ್ತಿನ 27 ಮಾತ್ರೆ ಉಳಿದಿತ್ತು. ಸಿಸ್ಟರ್ ಅವನ್ನೆಲ್ಲ ತರಿಸಿ ಎಣಿಸಿ, ಹೊಸ ಸುತ್ತಿನ ಲೆಕ್ಕಕ್ಕೆ ಸೇರಿಸಿ, ಕಡಿಮೆ ಬಿದ್ದಷ್ಟನ್ನು ಮಾತ್ರ ಕೊಳ್ಳಲು ಹೇಳಿದರು. ದುಡ್ಡೂ ಉಳಿಯಿತು. 150ರ ಪಟ್ಟಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿಕೊಟ್ಟರು, ಕೈಗೆ ಗುರುತು ಸಿಗಲಿ ಎಂದು.

ದಾದಿಯರ ಇಂತಹ ಒಂದು ಫೋನಿನಿಂದ ಏನಾಗುತ್ತದೆ ಎಂದು ಕೇಳುವವರಿಗೆ ಒಂದು ಅಧ್ಯಯನವನ್ನು ತೋರಿಸಬಹುದು. ಬ್ರಿಟನ್ನಿನಲ್ಲಿ ಕೆಪೆಸಿಟಾಬಿನ್ ತೆಗೆದುಕೊಳ್ಳುತ್ತಿದ್ದ 164 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 18 ವಾರ ದಾದಿಯರು ಮನೆಗೆ ಹೋಗಿ, ಫೋನ್ ಮಾಡಿ ನೋಡಿಕೊಂಡರು. ಇನ್ನೊಂದಕ್ಕೆ ಎಂದಿನ ಆರೈಕೆ. 2009ರಲ್ಲಿ ಫಲಿತಾಂಶ ಪ್ರಕಟವಾಯಿತು. ದಾದಿಯರು ನೋಡಿಕೊಂಡ ಗುಂಪಿನಲ್ಲಿ ಬಾಯಿಹುಣ್ಣು, ಭೇದಿ, ವಾಕರಿಕೆ, ನೋವು ಎಲ್ಲವೂ ಕಡಿಮೆ. ಅವರು ಆಸ್ಪತ್ರೆಯಲ್ಲಿ ಮಲಗಿದ್ದು ಒಟ್ಟು 57 ದಿನ. ಇನ್ನೊಂದು ಗುಂಪು 167 ದಿನ. ಹೊಸ ಔಷಧಿಯೊಂದು ಇಷ್ಟು ಮಾಡಿದ್ದರೆ ಅದರ ಬೆಲೆ ಎಷ್ಟಿರುತ್ತಿತ್ತೋ!

ಮರೆವು, ದುಡ್ಡು, ನಾಚಿಕೆ

ಔಷಧಿ ಹೆಚ್ಚಾಗುವುದು ಒಂದು ಅಪಾಯ. ಕಡಿಮೆಯಾಗುವುದು ಇನ್ನೊಂದು, ಮತ್ತು ಅದು ಸದ್ದಿಲ್ಲದೆ ನಡೆಯುತ್ತದೆ. ಇಮಾಟಿನಿಬ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳಬೇಕು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ವೈದ್ಯರು 87 ರೋಗಿಗಳಿಗೆ ಮುಚ್ಚಳದಲ್ಲಿ ಎಲೆಕ್ಟ್ರಾನಿಕ್ ಗಡಿಯಾರವಿದ್ದ ಮಾತ್ರೆ ಬಾಟಲಿ ಕೊಟ್ಟರು. ಎಷ್ಟು ಸಲ ತೆರೆದರು ಎಂಬುದು ಅದರಲ್ಲಿ ದಾಖಲಾಗುತ್ತಿತ್ತು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕಾಲುಭಾಗಕ್ಕಿಂತ ಹೆಚ್ಚು ರೋಗಿಗಳು ಹತ್ತರಲ್ಲಿ ಒಂದೋ ಅದಕ್ಕಿಂತ ಹೆಚ್ಚೋ ಮಾತ್ರೆ ತಪ್ಪಿಸುತ್ತಿದ್ದರು. ಆರು ವರ್ಷಗಳ ಲೆಕ್ಕದಲ್ಲಿ, ಸರಿಯಾಗಿ ತೆಗೆದುಕೊಂಡವರಲ್ಲಿ ನೂರಕ್ಕೆ 94 ಮಂದಿಗೆ ರೋಗ ಚೆನ್ನಾಗಿ ಹಿಡಿತಕ್ಕೆ ಬರುವ ಸಾಧ್ಯತೆಯಿದ್ದರೆ, ತಪ್ಪಿಸಿದವರಲ್ಲಿ ಅದು ನೂರಕ್ಕೆ 28 ಮಾತ್ರ.

ನಮ್ಮಲ್ಲಿ ಮಾತ್ರೆ ತಪ್ಪಲು ಕಾರಣ ಬರೀ ಮರೆವಲ್ಲ. ದುಡ್ಡಿಲ್ಲದೆ ಒಂದು ದಿನದ್ದನ್ನು ಎರಡು ದಿನಕ್ಕೆ ಎಳೆಯುವವರಿದ್ದಾರೆ. ಮಗಳ ಮದುವೆ ಮಾತುಕತೆ ನಡೆಯುತ್ತಿರುವಾಗ ಮನೆಗೆ ಬಂದ ನೆಂಟರ ಎದುರು ಕ್ಯಾನ್ಸರ್ ಮಾತ್ರೆ ನುಂಗಲು ನಾಚುವವರಿದ್ದಾರೆ. ಇದನ್ನು ವೈದ್ಯರ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ನಮ್ಮ ಸಿಸ್ಟರ್ “ಮಾತ್ರೆ ತಪ್ಪಿಸಿದಿರಾ?” ಎಂದು ಕೇಳುತ್ತಿರಲಿಲ್ಲ. “ಎಲ್ಲರಿಗೂ ಒಂದೆರಡು ಬಿಟ್ಟುಹೋಗುತ್ತದೆ, ನಿಮಗೆ ಯಾವಾಗ ಬಿಟ್ಟುಹೋಯಿತು?” ಎನ್ನುತ್ತಿದ್ದರು. ಹಾಗೆ ಕೇಳಿದರೆ ನಿಜ ಬರುತ್ತದೆ. ನಮ್ಮ ಪಕ್ಕದಲ್ಲಿ ಕುಳಿತಿದ್ದ ಒಬ್ಬ ಹಿರಿಯರು ಹಾಗೆಯೇ ದುಡ್ಡಿನ ವಿಷಯ ಹೇಳಿಕೊಂಡರು. ಸಿಸ್ಟರ್ ಅಂದೇ ಅವರನ್ನು ಸರ್ಕಾರಿ ಯೋಜನೆಯ ಕಾಗದಪತ್ರ ನೋಡುವವರ ಬಳಿ ಕರೆದುಕೊಂಡು ಹೋದರು.

ಮದರಂಗಿ ಮತ್ತು ಬೆರಳಚ್ಚು

ನಾಲ್ಕನೇ ಸುತ್ತಿನ ಹೊತ್ತಿಗೆ ಉಮ್ಮನ ಅಂಗೈ, ಅಂಗಾಲು ಕೆಂಪಾಗಿ ಉರಿಯತೊಡಗಿತು. ಇದು ಈ ಮಾತ್ರೆಯ ಬಹಳ ಸಾಮಾನ್ಯ ಅಡ್ಡ ಪರಿಣಾಮ. ಬಿಸಿ ನೀರು, ಬಿಗಿ ಚಪ್ಪಲಿ ಬೇಡ, ದಿನಕ್ಕೆ ನಾಲ್ಕು ಸಲ ಕ್ರೀಮ್ ಹಚ್ಚಿ, ಪಾತ್ರೆ ಉಜ್ಜುವುದನ್ನು ಬಿಡಿ ಎಂದರು. ಪಾತ್ರೆ ಬಿಡಿಸಲು ನಾವು ಪಟ್ಟ ಪಾಡು ಬೇರೆಯೇ ಕತೆ. ದೆಹಲಿಯ ಏಮ್ಸ್ ವೈದ್ಯರು 264 ರೋಗಿಗಳಲ್ಲಿ ಮಾಡಿದ ಪರೀಕ್ಷೆಯಲ್ಲಿ, ನೋವಿಗೆ ಹಚ್ಚುವ ಡೈಕ್ಲೊಫೆನಾಕ್ ಜೆಲ್ಲನ್ನು ಮೊದಲಿನಿಂದಲೇ ಕೈಗೆ ಹಚ್ಚಿದವರಲ್ಲಿ ಈ ತೊಂದರೆ ತೀವ್ರವಾದದ್ದು ನೂರಕ್ಕೆ ನಾಲ್ವರಿಗೆ, ಹಚ್ಚದವರಲ್ಲಿ ನೂರಕ್ಕೆ ಹದಿನೈದು ಮಂದಿಗೆ. ವೈದ್ಯರನ್ನು ಕೇಳಿ ಹಚ್ಚಬಹುದು.

ಮದರಂಗಿ ತಂಪಲ್ಲವೇ, ಹಚ್ಚಲೇ ಎಂದು ಉಮ್ಮ ಕೇಳಿದರು. ಟರ್ಕಿಯ ವೈದ್ಯರು ಕೆಲವೇ ರೋಗಿಗಳಿಗೆ ಮದರಂಗಿ ಹಚ್ಚಿ ಗುಣ ಕಂಡಿದ್ದನ್ನು 2008ರಲ್ಲಿ ಬರೆದಿದ್ದಾರೆ. ಸಿಸ್ಟರ್ ಮಾತ್ರ, ಅಂಗಡಿಯ ಕೋನಿನಲ್ಲಿ ಏನೇನು ರಾಸಾಯನಿಕ ಬೆರೆಸಿರುತ್ತಾರೋ, ಒಡೆದ ಚರ್ಮಕ್ಕೆ ಅದು ಬೇಡ ಎಂದರು.

ಇನ್ನೊಂದು ಸಂಗತಿಯನ್ನು ನಾವು ಕನಸಿನಲ್ಲೂ ಯೋಚಿಸಿರಲಿಲ್ಲ. ರೇಷನ್ ಅಂಗಡಿಯ ಯಂತ್ರದ ಮೇಲೆ ಉಮ್ಮನ ಹೆಬ್ಬೆರಳು ಮೂಡಲಿಲ್ಲ! ಚರ್ಮ ಸುಲಿದು ಬೆರಳಿನ ಗೆರೆಗಳೇ ಮಾಸಿದ್ದವು. ಸಿಸ್ಟರಿಗೆ ಇದು ಹೊಸತಾಗಿರಲಿಲ್ಲ. ಇದೇ ಮಾತ್ರೆ ತೆಗೆದುಕೊಳ್ಳುತ್ತಿದ್ದ ಸಿಂಗಾಪುರದ ರೋಗಿಯೊಬ್ಬರನ್ನು ಬೆರಳಚ್ಚು ಇಲ್ಲವೆಂದು ಅಮೆರಿಕದ ವಿಮಾನ ನಿಲ್ದಾಣದಲ್ಲಿ ನಾಲ್ಕು ಗಂಟೆ ತಡೆದದ್ದನ್ನು 2009ರಲ್ಲಿ ಅವರ ವೈದ್ಯರು ಬರೆದಿದ್ದರು. ಸಿಸ್ಟರ್ ವೈದ್ಯರಿಂದ ಒಂದು ಪತ್ರ ಬರೆಸಿಕೊಟ್ಟರು. ಉಮ್ರಾಕ್ಕೆ ಹೋಗುವ ಇಂತಹ ರೋಗಿಗಳೂ ಇಂಥದೊಂದು ಪತ್ರ ಇಟ್ಟುಕೊಳ್ಳುವುದು ಒಳ್ಳೆಯದು.

ರಮಝಾನ್ ಯಾವಾಗ?

ಮೊದಲ ದಿನ ಹಸಿರು ಕೆಂಪು ಗುರುತು ಹಾಕುವಾಗಲೇ ಸಿಸ್ಟರ್ ಕೇಳಿದ್ದರು: “ಈ ಸಲ ನಿಮ್ಮ ಉಪವಾಸ ಯಾವ ತಿಂಗಳು?” ಅವರು ಕ್ರೈಸ್ತರು. ಐದನೇ ಸುತ್ತಿಗೆ ರಮಝಾನ್ ಬರುತ್ತದೆ ಎಂದು ಅವರೇ ಲೆಕ್ಕ ಹಾಕಿದರು.

ಉಮ್ಮ ತಮ್ಮದೇ ಉಪಾಯ ಮಾಡಿಕೊಂಡಿದ್ದರು. ಸಹ್ರಿಗೆ ಮೂರು, ಇಫ್ತಾರಿಗೆ ಮೂರು. ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ತೊಂದರೆ ಮಾತ್ರೆಯ ಹೊತ್ತಿನದ್ದಲ್ಲ, ನೀರಿನದ್ದು. ಭೇದಿ ಶುರುವಾದರೆ ಹದಿಮೂರು ಗಂಟೆ ನೀರಿಲ್ಲದೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಎರಡನೇ ಸುತ್ತಿನಲ್ಲಿ ಆದದ್ದು ಎಲ್ಲರಿಗೂ ನೆನಪಿತ್ತು. ರೋಗಿಗೆ ಉಪವಾಸದಿಂದ ವಿನಾಯಿತಿ ಇದೆಯೆಂದು ಕುರ್‌ಆನ್ ಅಲ್ ಬಕರಃ ಅಧ್ಯಾಯದಲ್ಲಿ ಸ್ಪಷ್ಟವಾಗಿ ಹೇಳಿದ್ದರೂ, ಜೀವಮಾನದಲ್ಲಿ ಒಂದು ಉಪವಾಸವನ್ನೂ ಬಿಡದ ಉಮ್ಮನ ಮನಸ್ಸು ಒಪ್ಪುತ್ತಿರಲಿಲ್ಲ. ಸಿಸ್ಟರ್ ವಾದಕ್ಕಿಳಿಯಲಿಲ್ಲ. “ನನ್ನ ಮಾತು ಬೇಡ ಉಮ್ಮ. ಡಾಕ್ಟರ್ ಏನು ಹೇಳಿದರು ಅಂತ ನಿಮ್ಮ ಉಸ್ತಾದರಿಗೆ ಹೇಳಿ. ಅವರು ಹೇಳಿದ ಹಾಗೆ ಮಾಡಿ” ಎಂದರು. ಉಸ್ತಾದರು ಮನೆಗೆ ಬಂದು, ಈಗ ಬಿಡಿ, ಗುಣವಾದ ಮೇಲೆ ಹಿಡಿದು ತೀರಿಸಿ, ಆಗದಿದ್ದರೆ ಫಿದ್ಯಾ ಕೊಡಿ ಎಂದು ತಿಳಿಸಿದರು. ಇಫ್ತಾರಿನ ಹೊತ್ತಿಗೆ ಉಮ್ಮ ಎಲ್ಲರ ಜೊತೆ ಕುಳಿತೇ ಖರ್ಜೂರ ತಿಂದು ಮಾತ್ರೆ ನುಂಗಿದರು. ಮೊದಲ ದಿನ ಅತ್ತರು.

ಇಂತಹ ಸಿಸ್ಟರ್ ಎಲ್ಲ ಆಸ್ಪತ್ರೆಯಲ್ಲೂ ಇಲ್ಲ. ಎಷ್ಟೋ ಕಡೆ ಒಬ್ಬರೇ ದಾದಿ ಇಡೀ ವಾರ್ಡು ನೋಡಬೇಕು, ಫೋನ್ ಮಾಡುವುದು ಅವರ ಕೆಲಸದ ಪಟ್ಟಿಯಲ್ಲೇ ಇರುವುದಿಲ್ಲ. ನಮ್ಮ ಸಿಸ್ಟರ್ ಕೂಡ ಎಷ್ಟೋ ಫೋನುಗಳನ್ನು ಡ್ಯೂಟಿ ಮುಗಿದ ಮೇಲೆ ಮಾಡುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು. ಒಬ್ಬರ ಒಳ್ಳೆಯತನದ ಮೇಲೆ ನಿಲ್ಲುವ ಕೆಲಸ ಇದಲ್ಲ. ಆಸ್ಪತ್ರೆಗಳು ಇದಕ್ಕೆಂದೇ ದಾದಿಯರನ್ನು ನೇಮಿಸಬೇಕು. ಅಲ್ಲಿಯವರೆಗೆ ಮನೆಯವರಾದ ನಾವು ಕೌಂಟರಿನಿಂದ ನೇರ ಹೊರಡದೆ, ಜ್ವರ ನೂರು ದಾಟಿದರೆ, ಭೇದಿಯಾದರೆ, ವಾಂತಿಯಾದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿ ನಂಬರು ಬರೆಸಿಕೊಂಡೇ ಹೊರಡಬೇಕು. ಇದಕ್ಕೆ ಸಂಕೋಚ ಬೇಡ.

ಎಂಟನೇ ಸುತ್ತಿನಲ್ಲಿ ಮದುವೆ ಮನೆಯಲ್ಲಿ ಉಮ್ಮ ಒಂದು ರಾತ್ರಿಯ ಮಾತ್ರೆ ಮರೆತರು. ಬೆಳಿಗ್ಗೆ ಎರಡು ಹೊತ್ತಿನದನ್ನು ಒಟ್ಟಿಗೆ ನುಂಗಬಾರದು, ಬಿಟ್ಟದ್ದನ್ನು ಬಿಟ್ಟೇಬಿಡಿ ಎಂದು ಮೊದಲೇ ಹೇಳಿದ್ದರಿಂದ ಕೊನೆಗೆ ಮೂರು ಮಾತ್ರೆ ಉಳಿದವು. ಎರಡು ದೊಡ್ಡದು, ಒಂದು ಚಿಕ್ಕದು. ಅದೇ ವಾರ ನಮ್ಮ ಬೀದಿಯ ಹೆಂಗಸೊಬ್ಬರು, ತಮ್ಮ ಗಂಡನಿಗೂ ಕ್ಯಾನ್ಸರ್ ಮಾತ್ರೆಯೇ, ಉಳಿದಿದ್ದರೆ ಕೊಡಿ ಎಂದು ಕೇಳಿ ಬಂದರು. ಉಮ್ಮ ಕೊಡಲು ಎದ್ದೂ ಆಗಿತ್ತು. ಬೆಲೆ ಬಾಳುವ ಔಷಧಿ, ಇನ್ನೊಬ್ಬ ಬಡವನಿಗೆ ಉಪಯೋಗವಾಗಲಿ ಎಂಬ ಆಸೆ. ನಾನು ತಡೆದು ಸಿಸ್ಟರಿಗೆ ಫೋನ್ ಮಾಡಿದೆ. “ಅವರ ಮಾತ್ರೆಯ ಹೆಸರು ಬೇರೆ ಇರಬಹುದು, ಡೋಸ್ ಬೇರೆ ಇರಬಹುದು. ಅವು ಮೂರನ್ನೂ ನನ್ನ ಕೈಗೇ ತಂದುಕೊಡಿ. ಕಸದ ಬುಟ್ಟಿಗೂ ಬೇಡ, ಬಚ್ಚಲಿಗೂ ಬೇಡ. ಆ ಹೆಂಗಸನ್ನೂ ಕರೆತನ್ನಿ, ಗಂಡನ ಚೀಟಿ ಹಿಡಿದುಕೊಂಡು ಬರಲಿ.”

ಮರುದಿನ ನಾವು ಮೂವರೂ ಆಸ್ಪತ್ರೆಗೆ ಹೋದೆವು. ಮಾತ್ರೆಗಳು ಹಳದಿ ಚೀಲಕ್ಕೆ ಹೋದವು. ಸಿಸ್ಟರ್ ಆ ಹೆಂಗಸಿನ ಕೈಯಿಂದ ಚೀಟಿ ತೆಗೆದುಕೊಂಡು ಓದಿ, ಕುರ್ಚಿ ಎಳೆದು ಕೂರಿಸಿ, “ಮನೆಯಲ್ಲಿ ಯಾರ್ಯಾರು ಇದ್ದೀರಿ?” ಎಂದು ಕೇಳಲು ಆರಂಭಿಸಿದರು.